ಅವ್ವ ಕೂರದ ಬೆಂಚು

ಹನೂರಿನ ನಮ್ಮ ಮನೆಯ ಮುಂದಿನ ಅರ್ಧ ರೋಗಿಗಳದು, ಹಿಂದಿನ ಅರ್ಧ ನಮ್ಮದು. ನಡುವೆ ಒಂದು ಬಾಗಿಲು, ಅದಕ್ಕೆ ಅವ್ವನ ಹಳೆಯ ಸೀರೆಯಿಂದ ಹೊಲಿದ ಪರದೆ. ಪರದೆಯ ಆಚೆ ಹಲಸಿನ ಮರದ ಉದ್ದನೆಯ ಬೆಂಚು, ಅಪ್ಪನ ಮೇಜು, ಔಷಧಿಯ ಗಾಜಿನ ಬೀರು, ಸೂಜಿ ಕುದಿಸುವ ಸ್ಟೌವ್. ಈಚೆ ಅಜ್ಜಿಯ ಮಂಚವಿದ್ದ ನಡುಮನೆ, ದೇವರ ಕೋಣೆ, ಅಡುಗೆಮನೆ, ಹಿತ್ತಿಲು. ಅಪ್ಪ ಡಾಕ್ಟರು. ಅಗರದ ಬೇಸಾಯದ ಮನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಗದ್ದೆಯ ಊರು ಬಿಟ್ಟು ಈ ಒಣ ಸೀಮೆಗೆ ಬಂದು ಬೋರ್ಡು ಹಾಕಿದವರು. ಇಲ್ಲಿಗೇ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ, ಅಲ್ಲಿ ನೀರಿದೆ, ಇಲ್ಲಿ ಕಾಯಿಲೆ ಇದೆ ಎನ್ನುತ್ತಿದ್ದರು. ಅವ್ವನ ತವರು ಯಳಂದೂರು. ಅಜ್ಜಿ ಅಪ್ಪನ ತಾಯಿ. ಮಗನ ಹಿಂದೆಯೇ ಅಗರದಿಂದ ಬಂದು ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು. ನಾನು ಒಬ್ಬಳೇ ಮಗಳು. ನನ್ನ ನಂತರ ಎರಡು ಬಸಿರು ನಿಂತಿರಲಿಲ್ಲ. ನಾನು ಹೇಳುತ್ತಿರುವ ವರ್ಷ ನನಗೆ ಹತ್ತು ತುಂಬಿತ್ತು, ಅವ್ವ ಮತ್ತೆ ಬಸುರಿಯಾಗಿದ್ದಳು. ಆ ವರ್ಷವೇ ಅವ್ವ ಹೋದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯವರೆಗೆ ಬಚ್ಚಿಟ್ಟು ಹೇಳುವ ಜಾಣತನ ನನಗೆ ಬೇಡ. ಬಚ್ಚಿಡುವ ಕೆಲಸವನ್ನು ಆ ವರ್ಷ ಸಾಕಷ್ಟು ಮಾಡಿದ್ದೇನೆ.

ಮನೆಯವರು ಬೆಂಚಿನ ಮೇಲೆ ಕೂರಬಾರದು ಎನ್ನುವುದು ಅಜ್ಜಿಯ ಕಟ್ಟಳೆ. ರೋಗಿಗಳೆಲ್ಲ ಹೋದ ಮೇಲೆ ಅವ್ವ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಆದರೆ ದಣಿವಾಯಿತೆಂದು ಅದರ ಅಂಚಿಗೂ ಒರಗುತ್ತಿರಲಿಲ್ಲ. ನಾನು ಒಮ್ಮೆ ಆಟಕ್ಕೆ ಹತ್ತಿ ಕೂತಾಗ ಅಜ್ಜಿ ಪರದೆ ಸರಿಸಿಕೊಂಡು ಬಂದು ರಟ್ಟೆ ಹಿಡಿದು ಇಳಿಸಿದಳು.

“ಆ ಬೆಂಚ್ ಮ್ಯಾಲ ಕುಂತ್ಕಂಡ್ರ ಕಾಯ್ಲ ಪರದೆ ದಾಟ್ಕಂಡು ಒಳಕ ಬತ್ತದ ಕಣವ್ವ. ಡಾಕ್ಟ್ರ ಮನೇಲೇ ಕಾಯ್ಲ ಅಂದ್ರ ಊರೋರು ಯಾಕ್ ಬಂದಾರು?”

ಅಪ್ಪ ಅದನ್ನು ಕೇಳಿ ನಕ್ಕರು. ಆದರೆ ಅವರೂ ಅದರ ಪ್ರಕಾರವೇ ನಡೆದುಕೊಳ್ಳುತ್ತಿದ್ದರು. ನನಗೆ ಜ್ವರ ಬಂದರೆ ಮೇಜಿನ ಹಿಂದಿನಿಂದಲೇ ಎಷ್ಟು ದಿನವಾಯಿತು ಎಂದು ಕೂಗಿ ಕೇಳುವರು. ಅವ್ವ ಒಳಗಿಂದ ಹೇಳುವಳು. ಪರದೆಯ ಸಂದಿಯಿಂದ ಕಾಗದದಲ್ಲಿ ಮಡಿಸಿದ ಎರಡು ಮಾತ್ರೆ ಬರುವವು. ಆಚೆ ಬದಿಯಲ್ಲಿ ದಿನಕ್ಕೆ ಮೂವತ್ತು ನಾಲ್ವತ್ತು ಜನರ ನಾಡಿ ಹಿಡಿಯುತ್ತಿದ್ದ ಆ ಕೈ ಈಚೆ ಬದಿಯಲ್ಲಿ ಯಾರ ಮಣಿಕಟ್ಟನ್ನೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮಲ್ಲಿ ಮುಂಬಾಗಿಲ ಮದ್ದು ಕೂಡ ಹಿತ್ತಿಲವರೆಗೆ ಬರುತ್ತಿರಲಿಲ್ಲ.

ರಾಮಾಪುರದ ಕಡೆಯಿಂದ ಬೆಳಗಿನ ಬಸ್ಸು ಬಂದರೆ ಬೆಂಚು ತುಂಬುತ್ತಿತ್ತು. ಮಿಕ್ಕವರು ಜಗುಲಿಯ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಔಷಧಿಗೆ ಬಾಟಲಿಯನ್ನು ಅವರೇ ತರಬೇಕು. ಸೀಮೆಎಣ್ಣೆಯದು, ಹರಳೆಣ್ಣೆಯದು, ಕೆಲವೊಮ್ಮೆ ಸಾರಾಯಿಯದು. ಅವನ್ನು ಹಿತ್ತಿಲಿನಲ್ಲಿ ಬೂದಿ ಹಾಕಿ ತೊಳೆದು ಕುದಿಯುವ ನೀರಿನಲ್ಲಿ ಗಲಬರಿಸಿ ಕೊಡುವುದು ಅವ್ವನ ಕೆಲಸ. ಕಾಗದದ ಪಟ್ಟಿಯನ್ನು ಮಡಿಸಿ ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ ಬಾಟಲಿಯ ಪಕ್ಕಕ್ಕೆ ಅಂಟಿಸುವುದೂ ಅವಳದೇ ಕೆಲಸ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಅದಕ್ಕೆ ಗುರುತು ಎನ್ನುತ್ತಿದ್ದರು. ಗುರುತು ಇಷ್ಟು ನೇರವಾಗಿದ್ದರೂ ಅದರಂತೆ ಕುಡಿದವರನ್ನು ನಾನು ಕಾಣೆ. ಬೇಗ ವಾಸಿಯಾಗಲಿ ಎಂದು ಆರು ಗುರುತನ್ನು ಒಂದೇ ಸಲಕ್ಕೆ ಏರಿಸಿದವರಿದ್ದರು. ಮುಗಿದುಹೋದೀತು ಎಂದು ಅರ್ಧರ್ಧ ಗುರುತು ಕುಡಿದವರಿದ್ದರು. ಜ್ವರ ಬಿಟ್ಟ ದಿನವೇ ನಿಲ್ಲಿಸಿ, ಉಳಿದದ್ದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮುಂದಿನ ವರ್ಷ ಭಾವಮೈದುನನ ಕೆಮ್ಮಿಗೆ ಕುಡಿಸಿದವರಿದ್ದರು. ಸೋಮವಾರ ಬೆಟ್ಟದ ದೇವರು ಮಾದಪ್ಪನ ದಿನ, ಅವತ್ತು ಹೊಸ ಔಷಧಿ ಶುರು ಮಾಡುವವರಿಲ್ಲ. ಕೊಳ್ಳೇಗಾಲ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ಕಾಡಂಚಿನ ಊರಿನವರು ಇನ್ನೂ ಇಂಜೆಕ್ಷನ್ನಿಗೆ ಊಸಿ ಎನ್ನುತ್ತಿದ್ದರು, ಹೊಟ್ಟೆನೋವಿಗೂ ಹಲ್ಲುನೋವಿಗೂ ಊಸಿಯೇ ಬೇಕೆಂದು ತೋಳು ಮಡಿಸಿ ಕೂರುತ್ತಿದ್ದರು.

ಅವರಿಗೆ ಪಥ್ಯವಂತೂ ಬೇಕೇ ಬೇಕು. ಏನನ್ನೂ ಬೇಡವೆನ್ನದ ಡಾಕ್ಟರು ಅವರ ಲೆಕ್ಕದಲ್ಲಿ ಡಾಕ್ಟರೇ ಅಲ್ಲ. ಮೊದಮೊದಲು ಅಪ್ಪ ಎಲ್ಲವನ್ನೂ ಉಣ್ಣಿ, ಸೊಪ್ಪು ಜಾಸ್ತಿ ಉಣ್ಣಿ ಎಂದು ಹೇಳಿ ಗಿರಾಕಿಗಳನ್ನು ಕಳೆದುಕೊಂಡರಂತೆ. ಆಮೇಲೆ ಬುದ್ಧಿ ಕಲಿತು ಯಾವ ಕಾಯಿಲೆ ಬಂದರೂ ಬದನೆಕಾಯಿ ಮುಟ್ಟಬೇಡಿ ಎಂದು ಹೇಳತೊಡಗಿದರು. ರೋಗಿಗಳಿಗೆ ಸಮಾಧಾನವಾಯಿತು. ತೊಂದರೆಯಾದದ್ದು ನಮಗೆ. ಅಪ್ಪನಿಗೆ ಎಣ್ಣೆಗಾಯಿ ಎಂದರೆ ಪ್ರಾಣ. ಅದನ್ನು ಮಾಡುವ ದಿನ ಅಜ್ಜಿ ಬೀದಿ ಬಾಗಿಲು ಹಾಕಿಸಿ, ವಾಸನೆ ಹೊರಗೆ ಹೋಗದಂತೆ ಕಿಟಕಿಗೆ ಗೋಣಿ ಕಟ್ಟಿಸುತ್ತಿದ್ದಳು. ನಾವು ನಾಲ್ಕೂ ಜನ ಕಳ್ಳರಂತೆ ಸದ್ದಿಲ್ಲದೆ ಉಣ್ಣುತ್ತಿದ್ದೆವು. ಅವ್ವ ಆಗ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ಅವ್ವನ ನಗು ಎಂದರೆ ನನಗೆ ನೆನಪಿರುವುದು ಅದೊಂದೇ. ಹೊರಗೆ ಒಂದು ಮಾತು, ಒಳಗೆ ಇನ್ನೊಂದು ಬಾಯಿ ಎನ್ನುವುದು ಹೀಗೆ ನಮ್ಮ ಮನೆಯಲ್ಲಿ ನಗೆಯ ವಿಷಯವಾಗಿಯೇ ಶುರುವಾಯಿತು.

ಅಪ್ಪನ ಮೇಜಿನ ಮೇಲೆ ಕೆಂಪು ರಟ್ಟಿನ ಒಂದು ಉದ್ದನೆಯ ಪುಸ್ತಕವಿತ್ತು. ರೋಗದ ಹೆಸರನ್ನು ಅದರಲ್ಲಿ ಬರೆಯುತ್ತಿರಲಿಲ್ಲ, ಬರೆಯುತ್ತಿದ್ದದ್ದು ಅಭ್ಯಾಸಗಳನ್ನು. ಬೀಡಿ, ಹೊಗೆಸೊಪ್ಪು, ಹೆಂಡ, ಬರಿಗಾಲು, ಮಣ್ಣು ಎಂದು ಮೇಲೆ ಬರೆದು ಗೆರೆ ಎಳೆದ ಮನೆಗಳು. ರೋಗ ಒಡಲಿನಲ್ಲಿರುವುದಿಲ್ಲ, ಅಭ್ಯಾಸದಲ್ಲಿರುತ್ತದೆ ಎನ್ನುವುದು ಅವರ ಸಿದ್ಧಾಂತ. ಬಯಲಿಗೆ ಬರಿಗಾಲಲ್ಲಿ ಹೋದರೆ ಕೊಕ್ಕೆಹುಳು ಅಂಗಾಲಿನಿಂದ ಹತ್ತಿ ಹೊಟ್ಟೆ ಸೇರಿ ರಕ್ತ ಹೀರುತ್ತದೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅವ್ವನಿಗೆ ಒಂದು ಜೊತೆ ಚಪ್ಪಲಿ ಇತ್ತು. ಅದನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ಮೇಲೆ ಇಟ್ಟಿದ್ದಳು, ಯಳಂದೂರಿಗೆ ಹೋಗುವಾಗ ಮಾತ್ರ ಇಳಿಸುತ್ತಿದ್ದಳು. ಬಯಲಿಗೂ ಹಿತ್ತಿಲಿಗೂ ಅತ್ತೆಯ ಎದುರು ಚಪ್ಪಲಿ ಮೆಟ್ಟಿ ನಡೆಯುವ ಸೊಸೆ ಆ ಬೀದಿಯಲ್ಲೇ ಇರಲಿಲ್ಲ.

ಐದನೆಯ ಮನೆಯಾದ ಮಣ್ಣಿಗೆ ಹೆಂಗಸರು ಹೆದರುತ್ತಿದ್ದರು. ಬೀಡಿಯನ್ನೂ ಹೆಂಡವನ್ನೂ ಗಂಡಸರು ನಗುತ್ತಲೇ ಒಪ್ಪಿಕೊಳ್ಳುತ್ತಿದ್ದರು. ಮಣ್ಣು ತಿನ್ನುತ್ತೇನೆ ಎಂದು ಯಾವ ಹೆಂಗಸೂ ತಾನಾಗಿ ಹೇಳುವುದಿಲ್ಲ. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ್ದರು. ಮೇಜಿನ ಖಾನೆಯಲ್ಲಿ ಒಂದು ಕೈಗನ್ನಡಿ ಇಟ್ಟಿದ್ದರು. ಆ ವರ್ಷದ ಬೇಸಿಗೆಗೆ ಮುಂಚೆ ರಾಮಾಪುರದ ಪಕ್ಕದ ಹಳ್ಳಿಯಿಂದ ಚಿಕ್ಕತಾಯಮ್ಮ ಎನ್ನುವವಳು ಏದುಸಿರು ಎಂದು ಬಂದಳು. ಅಪ್ಪ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು, ನಾಲಗೆ ಚಾಚು ಎಂದರು. ಮಣ್ಣು ತಿನ್ನುತ್ತೀಯಾ ಎಂದದ್ದಕ್ಕೆ ಅವಳು ಇಲ್ಲವೆಂದಳು. ಅಪ್ಪ ಕನ್ನಡಿ ತೆಗೆದು ಅವಳ ಮುಖದ ಮುಂದೆ ಹಿಡಿದು, ಇದು ನಾಲಗೆಯೋ ಸುಣ್ಣದ ಗೋಡೆಯೋ ನೀನೇ ಹೇಳು ಎಂದರು. ಬೆಂಚಿನ ತುಂಬ ಜನ ಕತ್ತು ಚಾಚಿ ನೋಡಿದರು. ನಾನು ಪರದೆಯ ಸಂದಿಯಲ್ಲಿದ್ದೆ.

“ಒಸಿ ತಿಂತೀನಿ ಸಾ,” ಎಂದಳು ಅವಳು ತಲೆ ತಗ್ಗಿಸಿ. “ಗ್ವಾಡೆಗ ನೀರ್ ಚೆಲ್ದಾಗ ಒಂದ್ ವಾಸ್ನ ಬತ್ತದ ನೋಡಿ, ಆಗ ಬಾಯಿ ನಿಲ್ಲಲ್ಲ ಸಾ.”

ಮನೆಯ ಗೋಡೆ ಪೂರ್ತಿ ತಿಂದು ಮುಗಿಸಿ ಬೀದಿಯಲ್ಲಿ ಮಲಗುತ್ತೀರೋ ಏನು ಎಂದರು ಅಪ್ಪ. ಬೆಂಚು ಗೊಳ್ಳೆಂದಿತು. ನಾನೂ ನಕ್ಕೆ. ನಗು ಅಡಗಿದ ಮೇಲೆ ಅಪ್ಪ ದನಿ ಇಳಿಸಿ ಹೇಳಿದ ಮಾತನ್ನು ಆ ಗದ್ದಲದಲ್ಲಿ ಎಷ್ಟು ಜನ ಕೇಳಿಸಿಕೊಂಡರೋ ಕಾಣೆ.

“ಮಣ್ಣು ಕಾಯ್ಲೆ ಅಲ್ಲ ಕಣವ್ವ. ಮೈಯಲ್ಲಿ ರಕ್ತ ಕಮ್ಮಿಯಾದಾಗ ಒಡಲು ಮಣ್ಣು ಕೇಳ್ತದೆ. ಅದು ಕೇಳ್ದಾಗ ಗೋಡೆ ಹತ್ರ ಹೋಗ್ಬೇಡ, ನನ್ನ ಹತ್ರ ಬಾ.”

ಇಷ್ಟು ಒಳ್ಳೆಯ ಮಾತನ್ನು ಅಷ್ಟು ಕೆಟ್ಟ ನಗೆಯ ಹಿಂದೆ ಯಾಕೆ ಹೇಳಿದರು ಎಂದು ನಾನು ಅಪ್ಪನನ್ನು ಕೊನೆಗೂ ಕೇಳಲಿಲ್ಲ. ಪರದೆಯ ಈಚೆ ಅವ್ವ ಗುರುತು ಕತ್ತರಿಸುತ್ತ ಕೂತಿದ್ದಳು. ನಗು ಕೇಳಿ ಅವಳ ಕತ್ತರಿ ನಿಂತಿತು. ಆಮೇಲೆ ಮತ್ತೆ ಕತ್ತರಿಸಿದಳು. ಅವತ್ತು ಚಿಕ್ಕತಾಯಮ್ಮನ ಬಾಟಲಿಗೆ ಹೋದ ಪಟ್ಟಿಯಲ್ಲಿ ಒಂದು ಹಲ್ಲು ಸೊಟ್ಟಗಿತ್ತು.

ಬೇಸಿಗೆ ರಜದಲ್ಲಿ ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಳು, ಅಪ್ಪ ಸೈಕಲ್ಲಿನಲ್ಲಿ ಎಲ್ಲೋ ರೋಗಿಯ ಮನೆಗೆ ಹೋಗಿದ್ದರು. ನಾನು ಬೆಲ್ಲ ಹುಡುಕಿಕೊಂಡು ದೇವರ ಕೋಣೆಗೆ ಹೋದೆ. ಅಲ್ಲಿ ಅವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ವಿಭೂತಿಯ ಡಬ್ಬಿ. ನಮ್ಮ ಮನೆಯಲ್ಲಿ ಬೆಳಗೂ ಸಂಜೆಯೂ ಲಿಂಗಪೂಜೆ, ಹಣೆಗೆ ಮೂರು ಗೆರೆ ವಿಭೂತಿ ತಪ್ಪುವಂತಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದ ರೋಗಿಗಳು ಡಾಕ್ಟರ ಋಣ ತೀರಲಿ ಎಂದು ನಿಂಬೆಹಣ್ಣಿನ ಗಾತ್ರದ ವಿಭೂತಿ ಗಟ್ಟಿಗಳನ್ನು ತಂದುಕೊಡುತ್ತಿದ್ದರು, ಅವನ್ನೆಲ್ಲ ಆ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದೆವು. ಅವ್ವ ಒಂದು ಗಟ್ಟಿಯನ್ನು ಹಿಡಿದು ಸೀಬೆಹಣ್ಣನ್ನು ಕಚ್ಚುವಂತೆ ಕಚ್ಚಿದಳು. ಕಣ್ಣು ಮುಚ್ಚಿಕೊಂಡಿದ್ದಳು. ತುಟಿಯೆಲ್ಲ ಬೆಳ್ಳಗಾಗಿತ್ತು. ನಾನು ನಿಂತದ್ದು ಗೊತ್ತಾಗಿ ಕಣ್ಣು ತೆರೆದಳು, ಆದರೆ ಬಾಯಿಯೊಳಗಿದ್ದದ್ದನ್ನು ಉಗುಳಲಿಲ್ಲ. ನುಂಗಿ ಆಮೇಲೆ ಮಾತಾಡಿದಳು.

“ಅಪ್ಪನ್ಗ ಯೋಳ್ಬ್ಯಾಡ ಕಣ್ ಮಗ. ಬುಕ್ಕಿಗ ಬರ್ಕಂಡ್ಬುಡ್ತಾರ. ಕನ್ನಡಿ ಇಡೀತಾರ.”

“ಅದು ಮಣ್ಣಲ್ವಲ್ಲವ್ವ.”

“ಅಲ್ಲ ಕಣ್ ಮಗ. ಇದು ದೇವ್ರುದು. ಅದ್ಕೇಯ ಇದ್ನ ತಿಂತಿರದು.”

ನನಗೂ ಒಂದು ಚೂರು ಮುರಿದು ಕೊಟ್ಟಳು. ನಾಲಗೆಗೆ ಅಂಟಿಕೊಂಡಿತು, ತಂಪಾಗಿತ್ತು, ಮೆಲ್ಲಗೆ ಕರಗಿತು. ರುಚಿ ಎನ್ನುವಂಥದ್ದೇನೂ ಇರಲಿಲ್ಲ, ಆದರೆ ಮುಗಿದ ತಕ್ಷಣ ಇನ್ನೊಂದು ಬೇಕೆನಿಸಿತು. ಅವತ್ತಿನಿಂದ ಅಜ್ಜಿ ಮಲಗುವ ಹೊತ್ತಿಗೆ ನಾನೂ ಅವ್ವನೂ ದೇವರ ಕೋಣೆ ಸೇರುವುದು ರೂಢಿಯಾಯಿತು. ಅಲ್ಲಿ ನಾವು ಮಾತಾಡಿದ್ದೇ ಕಡಿಮೆ. ಅವ್ವನ ಜೊತೆ ನಾನು ಸುಖವಾಗಿದ್ದ ಹೊತ್ತು ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳಬೇಕಾಗುತ್ತದೆ. ಹೇಳಿದರೆ ಯಾರಿಗೂ ಅರ್ಥವಾಗದು, ಹಾಗಾಗಿ ಎಣ್ಣೆಗಾಯಿಯ ಕತೆ ಹೇಳುತ್ತೇನೆ.

ಮಳೆಗಾಲದ ಹೊತ್ತಿಗೆ ಗಟ್ಟಿಗಳು ಬೇಗ ಬೇಗ ಕರಗತೊಡಗಿದವು. ಕಾರಣ ಬೇಕಲ್ಲ, ಅವ್ವ ಹಣೆ, ಕತ್ತು, ತೋಳಿಗೆಲ್ಲ ದಪ್ಪ ದಪ್ಪ ಬಳಿದುಕೊಂಡಳು, ನನಗೂ ಬಳಿದಳು. ಅದನ್ನು ಕಂಡು ಅಜ್ಜಿಗೆ ಸಂತೋಷವೇ ಸಂತೋಷ. ಈ ಸಲ ಮಾದಪ್ಪ ಕಣ್ಣು ಬಿಟ್ಟಿದ್ದಾನೆ, ಗಂಡು ಮಗುವೇ ಎಂದು ಬೀದಿಗೆಲ್ಲ ಹೇಳಿದಳು. ಅಪ್ಪನಿಗೂ ಹೆಮ್ಮೆ. ಒಂದು ದಿನ ಬೆಂಚಿನ ಮೇಲೆ ಕೂತಿದ್ದ ಊರ ಹಿರಿಯರೊಬ್ಬರ ಎದುರು, ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಡಬ್ಬಿ ವಿಭೂತಿ ಖರ್ಚು, ನನ್ನ ಹೆಂಡತಿಯ ಪೂಜೆ ಹಾಗಿದೆ ಎಂದರು. ಗೋಡೆಯ ಮಣ್ಣನ್ನು ನಾಲಗೆಯಲ್ಲಿ ಓದುತ್ತಿದ್ದ ಮನುಷ್ಯನಿಗೆ ದೇವರ ಕೋಣೆಯ ಡಬ್ಬಿಯಲ್ಲಿ ಭಕ್ತಿಯೇ ಕಂಡಿತು. ನಾನು ಅಪ್ಪನನ್ನು ಹೀಗಳೆಯುತ್ತಿಲ್ಲ. ವಿಭೂತಿಯನ್ನು ಅನುಮಾನದಿಂದ ನೋಡುವ ಕಣ್ಣು ಅವರಿಗಿರಲಿಲ್ಲ, ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಈ ಸಂತೋಷದ ಸುದ್ದಿ ಕೇಳಿ ರೋಗಿಗಳು ಇನ್ನಷ್ಟು ಗಟ್ಟಿಗಳನ್ನು ತಂದರು.

ಬಸುರಿಯರಿಗೆಲ್ಲ ಕೊಡುವಂತೆ ಅಪ್ಪ ಅವ್ವನಿಗೂ ಕಬ್ಬಿಣದ ಔಷಧಿ ಕುಡಿ ಎಂದಿದ್ದರು. ಪರದೆಯ ಆಚೆಯಿಂದಲೇ ಅದರ ಜಾಡಿಯನ್ನು ದಾಟಿಸಿದರು. ಅವ್ವ ಅಚ್ಚುಕಟ್ಟಾಗಿ ಒಂದು ಬಾಟಲಿ ತೊಳೆದು, ಹನ್ನೆರಡು ಗುರುತಿನ ಪಟ್ಟಿ ಕತ್ತರಿಸಿ ಅಂಟಿಸಿ, ಔಷಧಿ ತುಂಬಿ, ಅಡುಗೆಮನೆಯ ಮೊಳೆಗೆ ದಾರ ಕಟ್ಟಿ ತೂಗುಹಾಕಿದಳು. ಅಷ್ಟೇ. ಅದನ್ನು ಕುಡಿದರೆ ಹಲ್ಲು ಕಪ್ಪಾಗುತ್ತದೆ, ವಾಕರಿಕೆ ಬರುತ್ತದೆ, ಮತ್ತೆ ವಿಭೂತಿ ಸೇರುವುದಿಲ್ಲ ಎಂದು ನನಗೆ ಮಾತ್ರ ಹೇಳಿದಳು. ಔಷಧಿ ಮೊದಲ ಗುರುತಿನ ಮೇಲೇ ನಿಂತಿತ್ತು. ಕೊಳ್ಳೇಗಾಲದ ಲೇಡಿ ಡಾಕ್ಟರಿಗೆ ಒಮ್ಮೆ ತೋರಿಸಿ ಬರೋಣ ಎಂದು ಅಪ್ಪ ಹೇಳಿದಾಗ ಅಜ್ಜಿ, ಏಳು ತುಂಬಲಿ, ಈಗಲೇ ಬಸ್ಸಿನ ಕುಲುಕಾಟ ಬೇಡ ಎಂದಳು. ಅವ್ವ ನನಗೇನಾಗಿದೆ ಎಂದಳು. ಕೆನ್ನೆಗೆ ದಿನವೂ ಅರಿಶಿನ ಹಚ್ಚುತ್ತಿದ್ದಳು. ಅದರ ಕೆಳಗೆ ಯಾವ ಬಣ್ಣವಿತ್ತೋ ಯಾರು ನೋಡಿದರು?

ನಾನು ನೋಡಿದ್ದೆ. ನೀರಿನ ಕೊಡ ಇಳಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಲ್ಲುತ್ತಿದ್ದಳು. ಮಧ್ಯಾಹ್ನ ಅವಳ ಎದೆಗೆ ತಲೆಯಿಟ್ಟರೆ ಒಳಗೆ ಓಡಿಬಂದವರ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಪಾದ ಊದಿ ಕಾಲುಂಗುರ ತೆಗೆಯಲಾಗುತ್ತಿರಲಿಲ್ಲ. ಒಂದು ದಿನ ಆಟಕ್ಕೆ ನಾನು ಡಾಕ್ಟರಾಗಿ, ನಾಲಗೆ ಚಾಚು ಎಂದೆ. ಚಾಚಿದಳು. ಬೆಳ್ಳಗಿತ್ತು. ಬಾಯಿ ಮುಕ್ಕಳಿಸಿ ಬಾ ಎಂದೆ. ಮುಕ್ಕಳಿಸಿ ಬಂದು ಮತ್ತೆ ಚಾಚಿದಳು. ಆಗಲೂ ಬೆಳ್ಳಗೇ ಇತ್ತು. ನಾವಿಬ್ಬರೂ ನಗಲಿಲ್ಲ. ಅವ್ವ ಬಾಯಿ ಮುಚ್ಚಿಕೊಂಡು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಚಿಕ್ಕತಾಯಮ್ಮನ ನಾಲಗೆಯನ್ನು ನಾನು ಕಂಡಿದ್ದೆ, ಅಪ್ಪನ ಮಾತನ್ನೂ ಕೇಳಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ದೀಪಾವಳಿ ಮುಗಿದ ವಾರ, ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಆ ಔಷಧಿ ಕುಡಿಯುತ್ತಿದ್ದೀಯಾ ಎಂದು ಅವ್ವನನ್ನು ಕೇಳಿದರು. ಅವ್ವ ಊಂ ಎಂದಳು. ಎಲ್ಲ ರೋಗಿಗಳೂ ಊಂ ಎನ್ನುತ್ತಾರೆ. ಅಪ್ಪನಿಗೆ ಆ ಊಂಕಾರದ ಬೆಲೆ ಗೊತ್ತಿತ್ತು. ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಕುಡೀತಾಳೇನವ್ವ ನಿಮ್ಮವ್ವ?”

ಅವ್ವ ನನ್ನ ತಟ್ಟೆಗೆ ಸಾರು ಬಡಿಸುತ್ತಿದ್ದಳು. ಕಣ್ಣಿನಲ್ಲಿ ಬೇಡಿಕೊಳ್ಳಲಿಲ್ಲ. ಬಡಿಸುತ್ತಲೇ ಇದ್ದಳು. ಬಾಟಲಿ ನನ್ನ ಎದುರಿನ ಮೊಳೆಯಲ್ಲೇ ಇತ್ತು, ಅಪ್ಪ ಹಿಂದಕ್ಕೆ ತಿರುಗಿ ನೋಡಿದ್ದರೆ ಅವರಿಗೂ ಕಾಣುತ್ತಿತ್ತು.

“ಊಂ,” ಎಂದೆ.

ಅಪ್ಪ ಸರಿ ಎಂದು ಮುದ್ದೆ ಮುರಿದರು. ಮಗಳು ಸುಳ್ಳು ಹೇಳುವುದಿಲ್ಲ ಎನ್ನುವುದೂ ಅವರ ಸಿದ್ಧಾಂತಗಳಲ್ಲಿ ಒಂದು. ಬೆಟ್ಟದಿಂದ ಹಿಂದಿನ ದಿನವೇ ಚಿಕ್ಕತಾಯಮ್ಮ ಬಂದಿದ್ದಳು. ಅವಳ ಮೈ ತುಂಬಿಕೊಂಡಿತ್ತು, ಏದುಸಿರು ಹೋಗಿತ್ತು. ಡಾಕ್ಟರ ಮನೆಯವರ ಪೂಜೆಗೆ ಎಂದು ಒಂದು ಡಜನ್ ವಿಭೂತಿ ಗಟ್ಟಿ ಕೊಟ್ಟು ಹೋಗಿದ್ದಳು.

ಹತ್ತು ದಿನ ಕಳೆದು ಒಂದು ಬೆಳಗ್ಗೆ ಅವ್ವನಿಗೆ ನೋವು ಬಂತು. ಏಳು ಆಗಷ್ಟೇ ತುಂಬಿತ್ತು. ಅಪ್ಪ ಬಾಡಿಗೆ ಕಾರು ತರಿಸಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದರು. ಪೆಟ್ಟಿಗೆಯ ಮೇಲಿನ ಚಪ್ಪಲಿ ಇಳಿಸಿ ಕೊಡು ಎಂದು ಅವ್ವ ನನಗೆ ಹೇಳಿದಳು. ಅದು ನನಗೆ ಅವಳು ಹೇಳಿದ ಕೊನೆಯ ಮಾತು. ಪಾದ ಊದಿದ್ದರಿಂದ ಚಪ್ಪಲಿ ಹಿಡಿಸಲಿಲ್ಲ. ಅವನ್ನು ಕೈಯಲ್ಲಿ ಹಿಡಿದುಕೊಂಡೇ ಕಾರು ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ಮಗು ಹೋಯಿತು, ಅದರ ಹಿಂದೆಯೇ ಅವ್ವ. ಅಲ್ಲಿಯ ಲೇಡಿ ಡಾಕ್ಟರು, ಇವರ ಮೈಯಲ್ಲಿ ರಕ್ತವೇ ಇರಲಿಲ್ಲವಲ್ಲ, ನೀವು ನೋಡಿರಲಿಲ್ಲವೇ ಎಂದು ಕೇಳಿದರಂತೆ. ಇದನ್ನು ಅಪ್ಪ ಎಷ್ಟೋ ವರ್ಷಗಳ ಮೇಲೆ, ತಾವೇ ಹಾಸಿಗೆ ಹಿಡಿದ ಮೇಲೆ ನನಗೆ ಹೇಳಿದರು.

ಮರುದಿನ ಬೆಳಗ್ಗೆ ಅವ್ವನನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಅಗರದವರೂ ಯಳಂದೂರಿನವರೂ ಬಂದಿದ್ದರು. ಅಳುತ್ತಿದ್ದವರ ನಡುವೆ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಳು ಬರಲಿಲ್ಲ. ದುಃಖವನ್ನು ತಡೆದುಕೊಂಡಿದ್ದೆ ಎಂದಲ್ಲ, ತಡೆಯುವಂಥದ್ದೇನೂ ಒಳಗೆ ಇರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಮರಗಟ್ಟಿದ ಕೈ ಹೇಗಿರುತ್ತದೋ ನಾನು ಪೂರ್ತಿ ಹಾಗಿದ್ದೆ. ಅವ್ವನ ಹಣೆಗೆ ಬಳಿಯಲು, ಗುಂಡಿಯೊಳಗೆ ಜೊತೆಗಿಡಲು ವಿಭೂತಿ ಗಟ್ಟಿಗಳು ಬೇಕೆಂದು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಕೇಳಿದರು. ವಿಭೂತಿಗೆ ಈ ಮನೆಯಲ್ಲಿ ಏನು ಬರ, ಹತ್ತು ದಿನದ ಹಿಂದೆ ಡಬ್ಬಿ ತುಂಬಿದೆ ಎಂದು ಅಜ್ಜಿ ಅಳುತ್ತಲೇ ಎದ್ದು ಹೋದಳು. ಡಬ್ಬಿ ತಂದಳು. ಎಲ್ಲರ ಎದುರು ಮುಚ್ಚಳ ತೆಗೆದಳು.

ಮೂಲೆಯಲ್ಲಿ ಒಂದಿಷ್ಟು ಪುಡಿ. ಒಂದು ಅರ್ಧ ಗಟ್ಟಿ. ಅದರ ಮೇಲೆ ಹಲ್ಲಿನ ಗುರುತು.

ಅಜ್ಜಿಗೆ ಅರ್ಥವಾಗಲಿಲ್ಲ. ಯಾರು ಕದ್ದರು ಎಂದಳು. ಅಪ್ಪ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ಆ ಅರ್ಧ ಗಟ್ಟಿಯನ್ನು ಎತ್ತಿ, ಬೆಳಕಿಗೆ ಹಿಡಿದು, ರೋಗಿಯ ಉಗುರನ್ನು ನೋಡುವಷ್ಟು ಹೊತ್ತು ನೋಡಿದರು. ಆಮೇಲೆ ಅವ್ವನ ಹತ್ತಿರ ಹೋಗಿ ಕುಕ್ಕರ ಕೂತರು. ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರು. ಅಪ್ಪ ಅವ್ವನನ್ನು ಪರೀಕ್ಷೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎದ್ದು ನಿಂತು ಜನರ ನಡುವೆ ನನ್ನನ್ನು ಹುಡುಕಿ, ಹತ್ತಿರ ಬಂದು ಬಾಗಿ, ನನಗೆ ಮಾತ್ರ ಕೇಳುವಂತೆ ಕೇಳಿದರು.

“ಯಾವತ್ತಿಂದ?”

“ಬೇಸಿಗೆ ರಜದಿಂದ.”

ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ಆಗಲೂ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ. ಕೇಳಿದ್ದರೆ ಕನ್ನಡಿಯ ಮಾತು ಬರುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅರ್ಧ ಗಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಪಕ್ಕದ ಮನೆಯವರು ತಮ್ಮ ದೇವರ ಮುಂದಿನಿಂದ ಗಟ್ಟಿಗಳನ್ನು ತಂದು ಕೊಟ್ಟರು. ಅವನ್ನು ತೇಯ್ದಾಗ ಎದ್ದ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಅವ್ವನ ಹೆಣದ ಮುಂದೆ ನಿಂತು ನನಗೆ ಅದನ್ನು ತಿನ್ನಬೇಕೆನಿಸಿತು. ಇದಕ್ಕಿಂತ ಬೇರೆ ಯಾವ ಭಾವನೆಯನ್ನಾದರೂ ಬರೆದರೆ ಸುಳ್ಳಾಗುತ್ತದೆ.

ಕ್ರಿಯೆಗಳೆಲ್ಲ ಮುಗಿಯುವವರೆಗೆ ಬೋರ್ಡು ಒಳಗಿತ್ತು. ಮತ್ತೆ ಬಾಗಿಲು ತೆರೆದ ಬೆಳಗ್ಗೆ ರಾಮಾಪುರದ ಬಸ್ಸು ಬಂತು, ಬೆಂಚು ತುಂಬಿತು. ಮಾತಾಡಿಸುವುದು ಹೇಗೆಂದು ತಿಳಿಯದೆ ಎಲ್ಲರೂ ತಮ್ಮ ತಮ್ಮ ಬಾಟಲಿಗಳನ್ನು ನೋಡುತ್ತ ಕೂತಿದ್ದರು. ಅಪ್ಪ ಪರದೆಯ ಕಡೆ ತಿರುಗಿ ನನ್ನನ್ನು ಕೂಗಿದರು.

“ಪಾರ್ವತಿ, ಇಲ್ಲಿ ಬಾ. ಬೆಂಚಿನ ಮೇಲೆ ಕೂತ್ಕೊ. ನಿನ್ನ ಸರದಿ ಬಂದಾಗ ಕರೀತೀನಿ.”

ನಾನು ಅಜ್ಜಿಯ ಕಡೆ ನೋಡಿದೆ. ಮಂಚದ ಮೇಲಿದ್ದವಳು ಗೋಡೆಯ ಕಡೆ ಮಗ್ಗುಲಾದಳು. ಪರದೆ ಸರಿಸಿ ಹೋದೆ. ಬೆಂಚಿನಲ್ಲಿ ಜಾಗವಿರಲಿಲ್ಲ. ತುದಿಯಲ್ಲಿ ಕೂತಿದ್ದ ಚಿಕ್ಕತಾಯಮ್ಮ ಒತ್ತರಿಸಿಕೊಂಡು, ಬಾ ಮಗ, ಕುಂತ್ಕ ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಹಲಗೆ ಬೆಚ್ಚಗಿತ್ತು. ನನಗಿಂತ ಮುಂಚೆ ಮೂವರಿದ್ದರು. ಅಪ್ಪ ಅವರನ್ನು ನೋಡಿದರು. ಒಬ್ಬ ಹೆಂಗಸಿಗೆ ಐದನೆಯದಾದ ಮಣ್ಣಿನ ಪ್ರಶ್ನೆ ಕೇಳುವಾಗ ಅವಳ ಕಿವಿಯ ಹತ್ತಿರ ಬಾಗಿ ಕೇಳಿದರು, ಬೆಂಚಿಗೆ ಕೇಳಿಸಲಿಲ್ಲ. ಖಾನೆಯಿಂದ ಕನ್ನಡಿ ಹೊರಗೆ ಬರಲಿಲ್ಲ.

ನನ್ನ ಸರದಿ ಬಂತು. ಸ್ಟೂಲಿನ ಮೇಲೆ ಕೂತೆ. ಕೆಂಪು ರಟ್ಟಿನ ಪುಸ್ತಕ ತೆರೆದಿತ್ತು. ಹೊಸ ಹಾಳೆಯ ಮೊದಲ ಸಾಲಿನಲ್ಲಿ ಅವ್ವನ ಹೆಸರಿತ್ತು. ಬೀಡಿ ಇಲ್ಲ, ಹೊಗೆಸೊಪ್ಪು ಇಲ್ಲ, ಹೆಂಡ ಇಲ್ಲ. ಬರಿಗಾಲು, ಹೌದು. ಐದನೆಯ ಮನೆಯಲ್ಲಿ, ಬೇಸಿಗೆ ರಜದಿಂದ ಎಂದು ಬರೆದಿದ್ದರು. ಅದರ ಕೆಳಗಿನ ಸಾಲಿನಲ್ಲಿ ನನ್ನ ಹೆಸರಿತ್ತು, ಮನೆಗಳೆಲ್ಲ ಖಾಲಿಯಿದ್ದವು. ಅಪ್ಪ ನನ್ನ ಕಣ್ಣಿನ ರೆಪ್ಪೆ ಎಳೆದರು. ಉಗುರು ಒತ್ತಿದರು. ಅವರ ಬೆರಳು ಸ್ಪಿರಿಟ್ಟಿನಿಂದ ತಣ್ಣಗಿತ್ತು.

“ನಾಲಗೆ ಚಾಚು.”

ಚಾಚಿದೆ. ಬಹಳ ಹೊತ್ತು ನೋಡಿದರು. ಐದನೆಯ ಪ್ರಶ್ನೆಯನ್ನು ಕೇಳಲಿಲ್ಲ. ಪುಸ್ತಕಕ್ಕೆ ಬಾಗಿ ಬರೆದರು. ಹಿಂದಿನಿಂದ ಚಿಕ್ಕತಾಯಮ್ಮ ತಡೆಯಲಾರದೆ ಕೇಳಿದಳು.

“ಮಗೀಗ ಏನ್ ಕಾಯ್ಲ ಸಾ?”

ಬೆಂಚು ಪೂರ್ತಿ ಕಿವಿಯಾಯಿತು. ಅಪ್ಪ ಲೇಖನಿ ಕೆಳಗಿಟ್ಟರು.

“ನಮ್ಮನೇದು ಕಣವ್ವ,” ಎಂದರು.

ಎದ್ದು ಪರದೆಯೊಳಗೆ ಹೋಗಿ ಅಡುಗೆಮನೆಯ ಮೊಳೆಯಿಂದ ಆ ಬಾಟಲಿಯನ್ನು ಬಿಚ್ಚಿ ತಂದರು. ಔಷಧಿ ಗಟ್ಟಿಯಾಗಿ ತಳ ಹಿಡಿದಿತ್ತು. ಚೆನ್ನಾಗಿ ಕುಲುಕಿ, ಬಿರಡೆ ತೆಗೆದು, ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಎಲ್ಲರೂ ನೋಡುತ್ತಿದ್ದಂತೆ ಕುಡಿದೆ. ತುಕ್ಕಿನ ರುಚಿ. ಅಪ್ಪ ಬಾಟಲಿಯನ್ನು ಮೇಜಿನ ಮೇಲೆ ನೇರವಾಗಿ ನಿಲ್ಲಿಸಿದರು. ಅವ್ವ ಕತ್ತರಿಸಿದ ಹನ್ನೆರಡು ಹಲ್ಲುಗಳಲ್ಲಿ ಔಷಧಿ ಎರಡನೆಯದಕ್ಕೆ ಇಳಿದು, ಗೆರೆ ಎಳೆದಂತೆ ಸರಿಯಾಗಿ ಅಲ್ಲೇ ನಿಂತಿತ್ತು.